ಎರಡೂವರೆ ಗಂಟೆಯಲ್ಲಿ ಅಮೆರಿಕ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ತುಮಕೂರು, ಹಾಸನ, ಶಿವಮೊಗ್ಗದ ಬೀದಿಗಳಲ್ಲೂ ಸಿಗುತ್ತಾರೆ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಊರು ತುಮಕೂರು, ಕಾಲ ಚಳಿಗಾಲ. ನಡುಮನೆಯಲ್ಲಿ ಪೆಟ್ಟಿಗೆ ಬಾಯಿ ತೆರೆದು ಕೂತಿದೆ. ಅಂಟಿನುಂಡೆ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಬಾಣಂತಿ ಖಾರ ಒಂದೊಂದಾಗಿ ಒಳಗೆ ಇಳಿಯುತ್ತಿವೆ. ಎಂಟನೆಯ ತರಗತಿಯ ಮೊಮ್ಮಗಳ ಕೈಯಲ್ಲಿ ಅಜ್ಜಿಯ ವಿಮಾನದ ಟಿಕೇಟು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ನಡುವೆ ಎಲ್ಲೂ ಇಳಿಯದ ವಿಮಾನ. ಹೊರಡುವುದು ಮಧ್ಯಾಹ್ನ 2.30ಕ್ಕೆ. ತಲುಪುವುದು ಅದೇ ದಿನ ಸಂಜೆ 5 ಗಂಟೆಗೆ.

“ಅಜ್ಜಿ, ಎರಡೂವರೆ ಗಂಟೆಯಲ್ಲಿ ಅತ್ತೆ ಮನೆಗೆ ಹೋಗಿಬಿಡ್ತೀರಾ!”

“ಅಯ್ಯೋ, ಧರ್ಮಸ್ಥಳಕ್ಕೆ ಹೋಗೋಕೇ ಬಸ್ಸಲ್ಲಿ ಆರು ಗಂಟೆ ಕೂರಬೇಕು. ಎರಡೂವರೆ ಗಂಟೇಲಿ ಅಮೆರಿಕಾನಾ? ಸರಿಯಾಗಿ ನೋಡಮ್ಮ” ಎಂದರು ಅಜ್ಜಿ.

ಮೊಮ್ಮಗಳು ಸರಿಯಾಗಿಯೇ ನೋಡಿದಳು. ಬರುವಾಗಿನ ಟಿಕೇಟು ಇನ್ನೂ ವಿಚಿತ್ರವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಶನಿವಾರ ರಾತ್ರಿ 8.30ಕ್ಕೆ ಹೊರಟು ಬೆಂಗಳೂರಿಗೆ ಸೋಮವಾರ ಬೆಳಗಿನ ಜಾವ 3.45ಕ್ಕೆ. ಅಂದರೆ 31 ಗಂಟೆ 15 ನಿಮಿಷ! ಹೋಗಲು ಎರಡೂವರೆ, ಬರಲು ಮೂವತ್ತೊಂದು. ನಡುವೆ ಇಡೀ ಭಾನುವಾರವೇ ಕಾಣೆ.

ಅಜ್ಜಿಗೆ ಈ ಲೆಕ್ಕದ ಸೋಜಿಗಕ್ಕಿಂತ ಬೇರೆಯೇ ಚಿಂತೆ. ದಿನಕ್ಕೊಂದರಂತೆ ಬೆಳಿಗ್ಗೆ ಎಂಟಕ್ಕೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವುದು ಅವರ ಹತ್ತು ವರ್ಷದ ನೇಮ. “ಹಾಗಾದ್ರೆ ಭಾನುವಾರದ ಮಾತ್ರೆ ಯಾವಾಗ ತೊಗೊಳ್ಳಲಿ?” ಎಂದು ಅವರು ಕೇಳಿದಾಗ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಸಿಗಬೇಕಾದರೆ ಭೂಗೋಳ, ಗಣಿತ, ಹವಾಮಾನ ಶಾಸ್ತ್ರ ಮೂರನ್ನೂ ಸ್ವಲ್ಪ ಸ್ವಲ್ಪ ತಟ್ಟಬೇಕು.

ಟಿಕೇಟಿನಲ್ಲೇ ಇರುವ ಉತ್ತರ

ಟಿಕೇಟಿನಲ್ಲಿ ಮುದ್ರಣವಾಗುವುದು ಆಯಾ ಊರಿನ ಗಡಿಯಾರದ ವೇಳೆ. ಹೊರಡುವ ವೇಳೆ ಬೆಂಗಳೂರಿನ ಗಡಿಯಾರದ್ದು, ತಲುಪುವ ವೇಳೆ ಸ್ಯಾನ್ ಫ್ರಾನ್ಸಿಸ್ಕೋ ಗಡಿಯಾರದ್ದು. ಭಾರತದ ಅಧಿಕೃತ ವೇಳೆ ಪೂರ್ವ ರೇಖಾಂಶ 82.5 ಡಿಗ್ರಿಗೆ ಸೇರಿದ್ದು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅಮೆರಿಕದ ಪಶ್ಚಿಮ ಕರಾವಳಿಯ ವೇಳೆ ಚಳಿಗಾಲದಲ್ಲಿ ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದೆ. ಎರಡನ್ನೂ ಕೂಡಿದರೆ ಹದಿಮೂರೂವರೆ ಗಂಟೆ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ವ್ಯತ್ಯಾಸ ಹನ್ನೆರಡೂವರೆಗೆ ಇಳಿಯುತ್ತದೆ.

ಬೆಂಗಳೂರಿನಲ್ಲಿ ಮಧ್ಯಾಹ್ನ 2.30 ಆಗಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ತಾರೀಕಿನ ಬೆಳಗಿನ ಜಾವ 1 ಗಂಟೆ. ಅಲ್ಲಿ ಸಂಜೆ 5ಕ್ಕೆ ವಿಮಾನ ಇಳಿಯುತ್ತದೆಂದರೆ ಪ್ರಯಾಣ 16 ಗಂಟೆಯದು. ಬರುವಾಗ? ಅಲ್ಲಿ ಶನಿವಾರ ರಾತ್ರಿ 8.30 ಎಂದರೆ ಇಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಅಲ್ಲಿಂದ ಸೋಮವಾರ 3.45ರವರೆಗೆ 17 ಗಂಟೆ 45 ನಿಮಿಷ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಸೊಗಸಾದ ಉಪಾಯವಿದೆ. ಎರಡು ಊರುಗಳ ವೇಳೆಯ ವ್ಯತ್ಯಾಸ ಗೊತ್ತಿಲ್ಲದಿದ್ದರೂ ಸರಾಸರಿ ಪ್ರಯಾಣದ ಅವಧಿಯನ್ನು ಕಂಡುಹಿಡಿಯಬಹುದು. ಹೋಗುವ ಟಿಕೇಟಿನ ತೋರಿಕೆಯ ಅವಧಿ ಎರಡೂವರೆ ಗಂಟೆ. ಬರುವ ಟಿಕೇಟಿನದು 31 ಗಂಟೆ 15 ನಿಮಿಷ. ಎರಡನ್ನೂ ಕೂಡಿದರೆ 33 ಗಂಟೆ 45 ನಿಮಿಷ. ಅದರ ಅರ್ಧ, ಸುಮಾರು 16 ಗಂಟೆ 52 ನಿಮಿಷ. ಮೇಲೆ ಸಿಕ್ಕ 16 ಗಂಟೆ ಮತ್ತು 17 ಗಂಟೆ 45 ನಿಮಿಷಗಳ ಸರಾಸರಿಯೂ ಅಷ್ಟೇ. ಹೋಗುವಾಗ ಗಡಿಯಾರ ಕದ್ದುಕೊಟ್ಟ ಹದಿಮೂರೂವರೆ ಗಂಟೆಯನ್ನು ಬರುವಾಗ ಬಡ್ಡಿಯಿಲ್ಲದೆ ವಸೂಲು ಮಾಡುತ್ತದೆ. ಕೂಡಿದಾಗ ಎರಡೂ ವಜಾ ಆಗುತ್ತವೆ.

ಕಾಣೆಯಾದ ದಿನದ ಕಥೆ ವಿಮಾನಕ್ಕಿಂತ ಹಳೆಯದು. ಮೆಗಲನ್‌ನ ತಂಡ ಪಶ್ಚಿಮ ದಿಕ್ಕಿಗೇ ಸಾಗಿ ಭೂಮಿಯನ್ನು ಮೊದಲ ಬಾರಿಗೆ ಸುತ್ತಿ ಬಂತು. ಮೆಗಲನ್ 1521ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಹತನಾದ. ಉಳಿದ ‘ವಿಕ್ಟೋರಿಯಾ’ ಹಡಗು 1522ರ ಜುಲೈನಲ್ಲಿ ಕೇಪ್ ವರ್ಡೆ ದ್ವೀಪಗಳಿಗೆ ಬಂದಾಗ ನಾವಿಕರ ಲೆಕ್ಕದಲ್ಲಿ ಅಂದು ಬುಧವಾರ. ದಡದಲ್ಲಿದ್ದವರು ಗುರುವಾರ ಎಂದರು. ಒಂದು ದಿನವೂ ಬಿಡದೆ ದಿನಚರಿ ಬರೆದಿದ್ದ ಪಿಗಫೆಟ್ಟಾನಿಗೆ ಇದೊಂದು ಒಗಟಾಯಿತು. ಸೂರ್ಯ ಹೋಗುವ ದಿಕ್ಕಿಗೇ ಹೋದ ಆ ನಾವಿಕರು ಪ್ರತಿ ದಿನವನ್ನೂ ಸ್ವಲ್ಪ ಸ್ವಲ್ಪ ಹಿಗ್ಗಿಸಿಕೊಂಡಿದ್ದರು. ಭೂಮಿಯ ಮೇಲಿನ ಜನ ಕಂಡದ್ದಕ್ಕಿಂತ ಒಂದು ಸೂರ್ಯೋದಯವನ್ನು ಕಡಿಮೆ ಕಂಡಿದ್ದರು.

ಗೋಡೆಯ ನಕ್ಷೆ ಹೇಳುವ ಸುಳ್ಳು

ಇನ್ನು ದೂರದ ವಿಚಾರ. ಶಾಲೆಯ ಗೋಡೆಯ ಮೇಲಿನ ಪ್ರಪಂಚ ನಕ್ಷೆಯಲ್ಲಿ ಭಾರತ ಬಲಗಡೆ, ಅಮೆರಿಕ ಎಡಗಡೆ. ಅಡಿಕೋಲಿಟ್ಟು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಅರೇಬಿಯಾ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರದವರೆಗೂ ಹೋಗುತ್ತದೆ. ಮರ್ಕೇಟರ್ 1569ರಲ್ಲಿ ರೂಪಿಸಿದ ಬಗೆಯ ನಕ್ಷೆಯಲ್ಲಿ ಈ ನೇರ ಗೆರೆಯ ಉದ್ದವನ್ನು ಲೆಕ್ಕ ಹಾಕಿದರೆ ಸುಮಾರು 20,000 ಕಿ.ಮೀ. ಬರುತ್ತದೆ.

ಈ ಸಂಖ್ಯೆ ಕಂಡ ಕೂಡಲೇ ಅನುಮಾನ ಹುಟ್ಟಬೇಕು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಭೂಮಿಯ ಮೇಲೆ ಯಾವ ಊರೂ ಇನ್ನೊಂದು ಊರಿಗೆ ಅದರ ಅರ್ಧಕ್ಕಿಂತ, ಅಂದರೆ 20,000 ಕಿ.ಮೀ.ಗಿಂತ, ದೂರ ಇರಲು ಸಾಧ್ಯವಿಲ್ಲ. ಅಷ್ಟು ದೂರವಿರಬೇಕಾದರೆ ಅವು ಗೋಳದ ಎರಡು ತದ್ವಿರುದ್ಧ ತುದಿಗಳಲ್ಲಿರಬೇಕು. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ಎರಡೂ ಇರುವುದು ಉತ್ತರ ಗೋಳಾರ್ಧದಲ್ಲೇ. ಹಾಗಾದರೆ ಹತ್ತಿರದ ದಾರಿ ಬೇರೆ ಎಲ್ಲೋ ಇದೆ ಎಂದಾಯಿತು.

ಅದನ್ನು ಕಾಣಲು ಗ್ಲೋಬು ಮತ್ತು ಒಂದು ಗೇಣು ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆದರೆ ದಾರ ತಾನಾಗಿ ಉತ್ತರಕ್ಕೆ ಜಾರುತ್ತದೆ. ಪಶ್ಚಿಮಕ್ಕಲ್ಲ, ಈಶಾನ್ಯಕ್ಕೆ! ನೇಪಾಳದ ಅನ್ನಪೂರ್ಣಾ ಪರ್ವತಗಳ ಆಸುಪಾಸು, ಟಿಬೆಟ್, ಚೀನಾದ ಮರುಭೂಮಿ, ಮಂಗೋಲಿಯಾ, ಸೈಬೀರಿಯ, ಆರ್ಕ್‌ಟಿಕ್ ಸಾಗರದ ಅಂಚು, ಅಲಾಸ್ಕ, ಆಮೇಲೆ ಪೆಸಿಫಿಕ್ ಸಾಗರದ ಮೇಲೆ ಇಳಿದು ಸ್ಯಾನ್ ಫ್ರಾನ್ಸಿಸ್ಕೋ. ಈ ಹಾದಿ ಭೂಮಿಯ ಕೇಂದ್ರವನ್ನೇ ಕೇಂದ್ರವಾಗಿ ಹೊಂದಿದ ವೃತ್ತವೊಂದರ ತುಣುಕು. ಇದಕ್ಕೆ ಮಹಾವೃತ್ತ ಎಂದು ಹೆಸರು. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಯಾವಾಗಲೂ ಮಹಾವೃತ್ತದ ಮೇಲೆಯೇ ಇರುತ್ತದೆ. ಚಪ್ಪಟೆ ಕಾಗದದ ಮೇಲೆ ಅದು ಬಿಲ್ಲಿನಂತೆ ಬಾಗಿ ಕಾಣುವುದು ಕಾಗದದ ದೋಷ, ದಾರಿಯದಲ್ಲ.

ಪಿಯುಸಿ ಹುಡುಗನ ಲೆಕ್ಕ

ತ್ರಿಕೋನಮಿತಿ ಓದುತ್ತಿರುವ ವಿದ್ಯಾರ್ಥಿ ಈ ದೂರವನ್ನು ಹತ್ತು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಬೇಕಾದದ್ದು ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಮಾತ್ರ. ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.2, ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಉತ್ತರ ಅಕ್ಷಾಂಶ 37.6, ಪಶ್ಚಿಮ ರೇಖಾಂಶ 122.4 ಡಿಗ್ರಿಯಲ್ಲಿದೆ. ರೇಖಾಂಶಗಳ ಅಂತರ 77.7 + 122.4, ಅಂದರೆ ಸುಮಾರು 200 ಡಿಗ್ರಿ. ಇನ್ನೊಂದು ಕಡೆಯಿಂದ ಸುತ್ತಿದರೆ 360ರಲ್ಲಿ 200 ಕಳೆದು 160 ಡಿಗ್ರಿ. ಚಿಕ್ಕದನ್ನೇ ತೆಗೆದುಕೊಳ್ಳಬೇಕು.

ಭೂಕೇಂದ್ರದಲ್ಲಿ ನಿಂತು ಎರಡೂ ಊರುಗಳತ್ತ ಕೈಚಾಚಿದರೆ ಕೈಗಳ ನಡುವೆ ಉಂಟಾಗುವ ಕೋನವನ್ನು ‘ಕೋ’ ಎಂದು ಕರೆಯೋಣ. ಸೂತ್ರ ಹೀಗಿದೆ:

ಕೊಸೈನ್ ಕೋ = (ಸೈನ್ 13.2 × ಸೈನ್ 37.6) + (ಕೊಸೈನ್ 13.2 × ಕೊಸೈನ್ 37.6 × ಕೊಸೈನ್ 160)

ಕೋಷ್ಟಕದಿಂದ ಬೆಲೆಗಳನ್ನು ಇಟ್ಟರೆ ಮೊದಲ ಭಾಗ 0.2284 × 0.6101 = 0.1393. ಎರಡನೆಯದು 0.9736 × 0.7923 × (−0.9397) = −0.7249. ಕೂಡಿದರೆ −0.5856. ಇದು ಯಾವ ಕೋನದ ಕೊಸೈನ್? ಸುಮಾರು 125.84 ಡಿಗ್ರಿಯದು. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಆದ್ದರಿಂದ ದೂರ 125.84 × 111.2 = 13,993 ಕಿ.ಮೀ. ಗೋಡೆಯ ನಕ್ಷೆಯ ಗೆರೆಗಿಂತ ಸುಮಾರು 6,000 ಕಿ.ಮೀ. ಕಡಿಮೆ!

ಭೂಮಿ ಧ್ರುವಗಳಲ್ಲಿ ಕೊಂಚ ಚಪ್ಪಟೆಯಾಗಿರುವುದರಿಂದ ನಿಖರ ಬೆಲೆಯಲ್ಲಿ ಅಲ್ಪ ವ್ಯತ್ಯಾಸ ಬರುತ್ತದೆ. ಟಿಕೇಟಿನ ಲೆಕ್ಕಕ್ಕೆ 14,000 ಎಂದರೆ ಸಾಕು. ಸೂತ್ರ ಬೇಡವೆನ್ನುವವರು ಗ್ಲೋಬಿನ ಮೇಲೆ ಬಿಗಿಹಿಡಿದ ದಾರವನ್ನೇ ಸಮಭಾಜಕ ವೃತ್ತದ ಮೇಲಿಟ್ಟು ಅದು ಎಷ್ಟು ಡಿಗ್ರಿ ವ್ಯಾಪಿಸುತ್ತದೆ ಎಂದು ನೋಡಿ, 111.2ರಿಂದ ಗುಣಿಸಬಹುದು. ದಾರ ಸಡಿಲವಿಲ್ಲದಿದ್ದರೆ ಉತ್ತರ ಹೆಚ್ಚು ತಪ್ಪದು.

ಹತ್ತಿರದ ದಾರಿಯೇ ಬೇಗನೆಯ ದಾರಿಯಲ್ಲ

ಬೋಯಿಂಗ್ 777ರಂಥ ವಿಮಾನ ಸುಮಾರು 35,000 ಅಡಿ ಎತ್ತರದಲ್ಲಿ ಶಬ್ದವೇಗದ 0.84ರಷ್ಟು ವೇಗದಲ್ಲಿ ಹಾರುತ್ತದೆ. ಅಲ್ಲಿನ ಕೊರೆಯುವ ಚಳಿಯಲ್ಲಿ ಶಬ್ದವೇಗವೇ ಕಡಿಮೆ. ಆದ್ದರಿಂದ ಇದು ಗಂಟೆಗೆ ಸುಮಾರು 900 ಕಿ.ಮೀ. ಆಗುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಹೋಗುವಾಗಿನ 16 ಗಂಟೆಗೆ ಇದು ಹತ್ತಿರವಾಗಿದೆ. ಆದರೆ ಬರುವಾಗ ಒಂದೂಮುಕ್ಕಾಲು ಗಂಟೆ ಹೆಚ್ಚು ಏಕೆ?

ಇಲ್ಲಿ ಬಹಳ ವಿದ್ಯಾರ್ಥಿಗಳು ಕೊಡುವ ಉತ್ತರ ‘ಭೂಮಿ ತಿರುಗುವುದರಿಂದ’ ಎಂಬುದು. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ಗಾಳಿಯೂ ಜೊತೆಯಲ್ಲೇ ತಿರುಗುತ್ತಿದೆ. ಹಾಗಲ್ಲದಿದ್ದರೆ ವಿಧಾನಸೌಧದ ಮೇಲೆ ಗಂಟೆಗೆ 1,625 ಕಿ.ಮೀ.ನ ಬಿರುಗಾಳಿ ಹಗಲಿರುಳೂ ಬೀಸುತ್ತಿತ್ತು! ಓಡುವ ರೈಲಿನಲ್ಲಿ ಕೂತು ನಿಂಬೆಹಣ್ಣನ್ನು ಮೇಲಕ್ಕೆಸೆದರೆ ಅದು ಹಿಂದಿನ ಬೋಗಿಗೆ ಹೋಗಿ ಬೀಳುವುದಿಲ್ಲ, ಎಸೆದವರ ಕೈಗೇ ಬರುತ್ತದೆ. ವಿಮಾನವೂ ಆ ನಿಂಬೆಹಣ್ಣಿನಂತೆಯೇ.

ನಿಜವಾದ ಕಾರಣ ಗಾಳಿ. ಭೂಮಿಯ ಮಧ್ಯ ಅಕ್ಷಾಂಶಗಳ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿವೆ. ಇವುಗಳಿಗೆ ಜೆಟ್ ಪ್ರವಾಹ ಎಂದು ಹೆಸರು. ಚಳಿಗಾಲದಲ್ಲಿ ಇವು ಬಲವಾಗುತ್ತವೆ. ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದ. ಹೊರಗಿನ ಪ್ರಪಂಚ ಓದಲಿ ಎಂದು ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದ. ಆದರೆ ಓದಿದವರು ಕಡಿಮೆ. 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರುಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದ ಮೇಲೆಯೇ ಅದರ ಬಲ ಎಲ್ಲರಿಗೂ ಮನವರಿಕೆಯಾದದ್ದು.

ಅಂಕಗಣಿತದ ಪುಸ್ತಕದಲ್ಲಿ ದೋಣಿ ಮತ್ತು ಹೊಳೆಯ ಲೆಕ್ಕ ಮಾಡದವರಾರು? ಇದೂ ಅದೇ ಲೆಕ್ಕ. ದೂರ 14,400 ಕಿ.ಮೀ., ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಎಂದಿಟ್ಟುಕೊಳ್ಳೋಣ. ಗಾಳಿಯೇ ಇಲ್ಲದಿದ್ದರೆ ಹೋಗಲು 16 ಗಂಟೆ, ಬರಲು 16, ಒಟ್ಟು 32. ಈಗ ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಇದೆ ಎನ್ನೋಣ. ಬೆನ್ನ ಹಿಂದಿನಿಂದ ಬೀಸಿದರೆ ನೆಲದ ಮೇಲಿನ ವೇಗ 1,000, ಸಮಯ 14.4 ಗಂಟೆ. ಎದುರಿಗೆ ಬೀಸಿದರೆ ವೇಗ 800; ಸಮಯ 18 ಗಂಟೆ. ಒಟ್ಟು 32.4. ಹೋಗುವಾಗ ಗಾಳಿ ಕೊಟ್ಟದ್ದಕ್ಕಿಂತ ಬರುವಾಗ ಕಿತ್ತುಕೊಂಡದ್ದೇ ಹೆಚ್ಚು! ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ. ಯಾವ ವೇಗದ ಗಾಳಿಗಾದರೂ ಇದು ಹೀಗೆಯೇ ಎಂದು ಬೀಜಗಣಿತದಿಂದ ಸಾಧಿಸುವುದು ಹತ್ತನೆಯ ತರಗತಿಯವರಿಗೆ ಒಳ್ಳೆಯ ಅಭ್ಯಾಸ.

ಈ ಗಾಳಿಯ ಲಾಭವನ್ನು ಅರಿತ ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿನಿಂದ ಕಳಿಸಿತು. ದಾರಿ ಸಾವಿರ ಕಿ.ಮೀ.ಗೂ ಹೆಚ್ಚು ಉದ್ದವಾಯಿತು. ಆದರೂ ಸುಮಾರು 15,300 ಕಿ.ಮೀ.ಯನ್ನು ವಿಮಾನ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ಕ್ರಮಿಸಿತು. ಸುತ್ತು ದಾರಿಯಾದರೂ ಹೊಳೆಯ ಸೆಳೆತದ ಜೊತೆಗೆ ಈಜಿದವನು ಮೊದಲು ದಡ ಸೇರುತ್ತಾನೆ.

ಧ್ರುವದ ಮೇಲಿನ ಹಾದಿ

ಬರುವಾಗ ಎದುರುಗಾಳಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಒಂದು ಉಪಾಯ, ಜೆಟ್ ಪ್ರವಾಹದ ಕಾಟ ಕಡಿಮೆ ಇರುವ ಉತ್ತರ ಧ್ರುವದ ಮೇಲಿನಿಂದ ಬರುವುದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 52.4 ಡಿಗ್ರಿ; ಧ್ರುವದಿಂದ ಬೆಂಗಳೂರಿಗೆ 76.8 ಡಿಗ್ರಿ. ಒಟ್ಟು 129.2 ಡಿಗ್ರಿ, ಅಂದರೆ ಸುಮಾರು 14,370 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಹೆಚ್ಚಾಗುವುದು 400 ಕಿ.ಮೀ.ಗೂ ಕಡಿಮೆ. ಎರಡೂ ಊರುಗಳು ಧ್ರುವದ ಹೆಚ್ಚುಕಡಿಮೆ ಎದುರುಬದುರು ದಿಕ್ಕಿನಲ್ಲಿರುವುದೇ ಇದಕ್ಕೆ ಕಾರಣ.

2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ಬೆಂಗಳೂರು ವಿಮಾನ ಈ ಹಾದಿ ಹಿಡಿಯಿತು. ಜನವರಿ 11ರ ಸೋಮವಾರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ವಿಮಾನ ನಡೆಸಿದ ನಾಲ್ವರೂ ಮಹಿಳೆಯರು: ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಅದು ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ಆಗ ವರದಿಯಾಗಿತ್ತು. ಲೆಕ್ಕದ 14,370ಕ್ಕೂ ಹಾರಿದ 16,000ಕ್ಕೂ ಇಷ್ಟು ಅಂತರ ಬರುವುದೇಕೆ?

ಆಕಾಶ ಬಯಲಿನಂತೆ ಕಂಡರೂ ಅಲ್ಲಿ ಬೇಕಾದಂತೆ ಹೋಗಲಾಗದು. ಮೊದಲ ತೊಡಕು ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಏಕಾಏಕಿ ಕುಸಿದರೆ ಪ್ರಯಾಣಿಕರು ಉಸಿರಾಡಲು ಸುಮಾರು 10,000 ಅಡಿಗೆ ಬೇಗ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ! ಇಳಿಯುವುದೆಲ್ಲಿಗೆ? ಆದ್ದರಿಂದ ಅದರ ಮೇಲಿನ ಉದ್ದನೆಯ ಹಾದಿಗಳನ್ನು ವಿಮಾನಗಳು ಸಾಮಾನ್ಯವಾಗಿ ಬಳಸುವುದಿಲ್ಲ. ಎರಡನೆಯದು, ಆಪತ್ತಿನಲ್ಲಿ ಇಳಿಯಲು ದಾರಿಯ ಆಸುಪಾಸಿನಲ್ಲಿ ನಿಲ್ದಾಣಗಳಿರಬೇಕು. ಧ್ರುವ ಪ್ರದೇಶದಲ್ಲಿ ಅವು ವಿರಳ. ಮೂರನೆಯದು ಚಳಿ: ಜೆಟ್-ಎ1 ಎಂಬ ವಿಮಾನದ ಇಂಧನ ಶೂನ್ಯಕ್ಕಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ಸಾಮಾನ್ಯ ದಿಕ್ಸೂಚಿಯನ್ನೂ ಅಲ್ಲಿ ನಂಬುವಂತಿಲ್ಲ.

ನಾಲ್ಕನೆಯ ತೊಡಕು ಮನುಷ್ಯರದ್ದೇ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಒಡೆತನವಿದೆ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಬಹುಪಾಲು ಮುಚ್ಚಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಹಲವು ಪಾಶ್ಚಾತ್ಯ ದೇಶಗಳ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಬಾಗಿಲು ಹಾಕಿತು. ಗ್ಲೋಬಿನ ಮೇಲಿನ ದಾರಕ್ಕೆ ಗಡಿಗಳಿಲ್ಲ, ವಿಮಾನಕ್ಕೆ ಇವೆ. ಒಂದು ಗಂಟೆ ಸುತ್ತಿದರೆ ದೊಡ್ಡ ವಿಮಾನವೊಂದು ಆರೇಳು ಟನ್ ಇಂಧನ ಹೆಚ್ಚು ಸುಡುತ್ತದೆ. ಇಷ್ಟು ದೂರದ ಪ್ರಯಾಣಕ್ಕೆ ಏರುವಾಗ ವಿಮಾನದ ತೂಕದ ಐದರಲ್ಲಿ ಎರಡು ಪಾಲು ಇಂಧನವೇ ಇರುತ್ತದೆ ಎಂದರೆ ಸುತ್ತು ದಾರಿಯ ಬೆಲೆ ಅರ್ಥವಾದೀತು.

ಮಂಗಳೂರಿಗೇಕೆ ಒಂದು ಗಂಟೆ?

ದೂರದ ಊರು ಹಾಗಿರಲಿ. ಬೆಂಗಳೂರಿನಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗ ಸುಮಾರು 306 ಕಿ.ಮೀ. ಗಂಟೆಗೆ 900ರಂತೆ ಇಪ್ಪತ್ತು ನಿಮಿಷ ಸಾಕು. ಟಿಕೇಟಿನಲ್ಲಿ ಇರುವುದು ಸುಮಾರು ಒಂದು ಗಂಟೆ. ದೆಹಲಿಗೆ 1,709 ಕಿ.ಮೀ.; ಲೆಕ್ಕಕ್ಕೆ ಎರಡು ಗಂಟೆಯೊಳಗೆ, ಟಿಕೇಟಿನಲ್ಲಿ ಸುಮಾರು ಎರಡೂಮುಕ್ಕಾಲು.

ಟಿಕೇಟಿನ ಅವಧಿ ಎಣಿಸುವುದು ವಿಮಾನ ನಿಂತ ಜಾಗ ಬಿಟ್ಟು ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಜಾಗ ಸೇರಿ ನಿಲ್ಲುವವರೆಗೆ. ಓಡುದಾರಿಯವರೆಗೆ ಉರುಳುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಇದರಲ್ಲಿ ಸೇರಿದೆ. ಊರು ಹತ್ತಿರವಿರಲಿ ದೂರವಿರಲಿ, ಈ ಹೊತ್ತು ಹೆಚ್ಚು ಬದಲಾಗದು. ಅಂದಾಜಿಗೆ ಒಂದು ಸೂತ್ರ: ಕಿಲೋಮೀಟರುಗಳನ್ನು 850ರಿಂದ ಭಾಗಿಸಿ ಮುಕ್ಕಾಲು ಗಂಟೆ ಕೂಡಿಸುವುದು. ಮಂಗಳೂರಿಗೂ ದೆಹಲಿಗೂ ಇದು ಸರಿಯಾಗಿ ಒಪ್ಪುತ್ತದೆ. ದೂರದ ಪ್ರಯಾಣದಲ್ಲಿ ಮಾತ್ರ ಗಾಳಿ ಇದನ್ನು ಅತ್ತಿತ್ತ ಎಳೆಯುತ್ತದೆ.

ಅಜ್ಜಿಯ ಮಾತ್ರೆ

ಈಗ ತುಮಕೂರಿನ ಮನೆಗೆ ಹಿಂತಿರುಗಬಹುದು. ಪಿಯುಸಿ ಓದುವ ಮೊಮ್ಮಗ ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಬರೆದ. ಒಂದು ಸಾಲಿನಲ್ಲಿ ಇಲ್ಲಿನ ವೇಳೆ, ಇನ್ನೊಂದರಲ್ಲಿ ಅಲ್ಲಿನದು.

ಹೊರಡುವ ದಿನ ಬೆಳಿಗ್ಗೆ 8ಕ್ಕೆ ಅಜ್ಜಿ ಮನೆಯಲ್ಲೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಸರಿಯಾಗಿ 24 ಗಂಟೆಯ ನಂತರ, ಅಂದರೆ ಭಾರತದ ಮರುದಿನ ಬೆಳಿಗ್ಗೆ 8ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ತಾರೀಕಿನ ಸಂಜೆ 6.30. ವಿಮಾನ ಇಳಿದು ಒಂದೂವರೆ ಗಂಟೆಯಾಗಿರುತ್ತದೆ. ಅಜ್ಜಿ ಆಗ ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ನಿಂತಿರಬಹುದು, ಪೆಟ್ಟಿಗೆಗಾಗಿ ಕಾಯುತ್ತಿರಬಹುದು. ‘ಇವತ್ತಿನ ಮಾತ್ರೆ ಆಯಿತು, ಇನ್ನು ನಾಳೆ ಬೆಳಿಗ್ಗೆ’ ಎಂದು ಅಲ್ಲಿನ ಗಡಿಯಾರವನ್ನು ನಂಬಿ ಮರುದಿನ 8ರವರೆಗೆ ಕಾದರೆ ಎರಡು ಮಾತ್ರೆಗಳ ನಡುವಿನ ಅಂತರ 24 ಗಂಟೆಯಲ್ಲ, ಮೂವತ್ತೇಳೂವರೆ! ಕ್ಯಾಲೆಂಡರಿನಲ್ಲಿ ಒಂದು ದಿನವೂ ತಪ್ಪಿರುವುದಿಲ್ಲ. ದೇಹಕ್ಕೆ ಮಾತ್ರ ತಪ್ಪಿರುತ್ತದೆ.

ಬರುವಾಗಿನ ಲೆಕ್ಕ: ಶನಿವಾರ ಬೆಳಿಗ್ಗೆ 8ಕ್ಕೆ ಮಗಳ ಮನೆಯಲ್ಲಿ ಮಾತ್ರೆ. ಆಗ ಇಲ್ಲಿ ಶನಿವಾರ ರಾತ್ರಿ 9.30. ಮುಂದಿನದು 24 ಗಂಟೆಯ ಮೇಲೆ, ಇಲ್ಲಿನ ಭಾನುವಾರ ರಾತ್ರಿ 9.30ಕ್ಕೆ. ವಿಮಾನ ಹೊರಟದ್ದು ಇಲ್ಲಿನ ಭಾನುವಾರ ಬೆಳಿಗ್ಗೆ 10ಕ್ಕೆ. ಅಂದರೆ ವಿಮಾನ ಹೊರಟು ಹನ್ನೊಂದೂವರೆ ಗಂಟೆಗೆ, ಭೂಮಿಯ ಮೇಲೆ ಎಲ್ಲೋ ಹಾರುತ್ತಿರುವಾಗ. ಭಾನುವಾರ ಕಳೆದುಹೋಗಿರಲಿಲ್ಲ, ವಿಮಾನದ ಒಳಗೇ ಇತ್ತು.

“ಹಾಗಾದ್ರೆ ಮಾತ್ರೆ ಡಬ್ಬಿ ಆ ದೊಡ್ಡ ಪೆಟ್ಟಿಗೇಲಿ ಇಡಬಾರದು” ಎಂದರು ಅಜ್ಜಿ. ಇಡೀ ಲೆಕ್ಕದ ಸಾರವನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಅಂಟಿನುಂಡೆಯ ಕೆಳಗೆ ಸೇರಿದ್ದ ಮಾತ್ರೆಗಳು ಮೇಲೆದ್ದು ಬಂದು ಕೈಚೀಲ ಸೇರಿದವು. ಜೊತೆಗೆ ವೈದ್ಯರ ಚೀಟಿಯೂ.

ಹೆತ್ತವರನ್ನು ದೂರ ಕಳಿಸುವ ಮನೆಯವರು ಇದನ್ನು ನೆನಪಿಡಬೇಕು. ಎಷ್ಟು ಗಂಟೆ ಎಂಬುದನ್ನು ಲೆಕ್ಕ ಹೇಳುತ್ತದೆ. ಯಾವ ಔಷಧವನ್ನು ಹೇಗೆ ಹೊಸ ವೇಳೆಗೆ ಹೊಂದಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಂತೂ ಹೊರಡುವ ಮೊದಲೇ ಟಿಕೇಟನ್ನು ವೈದ್ಯರಿಗೆ ತೋರಿಸಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಜಾಗದಲ್ಲಿರುವಷ್ಟು. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಹದಿನಾರು ಗಂಟೆ ಕೂತಂತೆ. ಗಾಳಿ ಒಣ. ಆಗಾಗ ನೀರು ಕುಡಿಯುವುದು, ಎದ್ದು ನಾಲ್ಕು ಹೆಜ್ಜೆ ನಡೆದು ಕಾಲಿನ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅಗತ್ಯ.

ಯಾವ ಕಂಪನಿಯ ವಿಮಾನ ಯಾವ ದಿನ, ಯಾವ ವೇಳೆಗೆ ಹಾರುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೆಲವು ಸೇವೆಗಳು ಶುರುವಾಗುತ್ತವೆ, ಕೆಲವು ನಿಲ್ಲುತ್ತವೆ. ಗೋಳದ ಲೆಕ್ಕ ಬದಲಾಗದು.

ವಿದ್ಯಾರ್ಥಿಗಳಿಗೆ ಎರಡು ಕೆಲಸ. ಒಂದು, ಪರದೇಶದಲ್ಲಿ ನೆಂಟರಿರುವ ಯಾರದಾದರೂ ಮನೆಯಿಂದ ಹೋಗಿಬರುವ ಟಿಕೇಟನ್ನು ಕೇಳಿ ಪಡೆದು, ಎರಡು ಅವಧಿಗಳನ್ನು ಕೂಡಿ ಅರ್ಧ ಮಾಡಿ ನಿಜವಾದ ಪ್ರಯಾಣದ ಸರಾಸರಿಯನ್ನು ಕಂಡುಹಿಡಿಯುವುದು. ಆಮೇಲೆ ಗ್ಲೋಬಿನ ಮೇಲೆ ದಾರ ಹಿಡಿದು ದೂರ ಅಳೆದು ತಾಳೆ ನೋಡುವುದು. ಎರಡು, ಅಜ್ಜಿ ಹೊರಡುವುದು ಚಳಿಗಾಲದ ಬದಲು ಬೇಸಿಗೆಯಲ್ಲಿ ಎಂದುಕೊಂಡು, ಹನ್ನೆರಡೂವರೆ ಗಂಟೆಯ ವ್ಯತ್ಯಾಸಕ್ಕೆ ಅವರ ಮಾತ್ರೆಯ ವೇಳೆಯನ್ನು ಲೆಕ್ಕ ಹಾಕುವುದು. ಉತ್ತರ ಬಂದ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆಯಬೇಕು. ಕನ್ನಡಕವಿಲ್ಲದೆಯೂ ಅಜ್ಜಿಗೆ ಓದಲು ಬರುವಷ್ಟು ದೊಡ್ಡದಾಗಿ.